ಮೂವತ್ತೊಂದನೆಯ ದಿನದ ಮಾತ್ರೆ

ಬೈಂಡಿಂಗ್ ಅಂಗಡಿಯವರು ಅವನಿಗೆ ಇಟ್ಟ ಹೆಸರು ಅಂಟಣ್ಣ. ಹದಿನೆಂಟು ವರ್ಷ ಪುಸ್ತಕಗಳಿಗೆ ರಟ್ಟು ಅಂಟಿಸಿ ಅವನ ಬೆರಳ ತುದಿಗಳು ಒಣಗಿದ ಗೋಂದಿನಿಂದ ಸದಾ ಬಿಳಿಚಿಕೊಂಡಿರುತ್ತಿದ್ದವು. "ಇವನ ಕೈ ಕುಲುಕಿದ್ರೆ ಬಿಡಿಸ್ಕೊಳ್ಳೋಕೆ ಬಿಸಿನೀರೇ ಬೇಕು" ಎಂದು ಯಜಮಾನರು ನಗಾಡುತ್ತಿದ್ದರು. ಅಕ್ಕನಿಗೆ ಮಾತ್ರ ಅವನು ಇನ್ನೂ ಪುಟ್ಟ. ನಲವತ್ತು ದಾಟಿದ ಪುಟ್ಟ.

ಅಪ್ಪ ಅಮ್ಮ ಹೋದ ಮೇಲೆ ಮಹಡಿಯ ಎರಡು ಕೋಣೆಗಳಲ್ಲಿ ಅವರಿಬ್ಬರೇ. ಅಕ್ಕ ಲಾಂಡ್ರಿಯಲ್ಲಿ ಇಸ್ತ್ರಿ ಹಾಕುತ್ತಿದ್ದಳು. ಪುಟ್ಟನಿಗೆ ಹತ್ತನೇ ವಯಸ್ಸಿನಿಂದ ಮೂರ್ಛೆ ರೋಗ. ಬೆಳಿಗ್ಗೆ ಒಂದು, ಸಂಜೆ ಒಂದು ಮಾತ್ರೆ ನುಂಗಿದರೆ ಅದು ಹತ್ತಿರ ಸುಳಿಯುತ್ತಿರಲಿಲ್ಲ. ಆರು ವರ್ಷದಿಂದ ಒಮ್ಮೆಯೂ ಬಂದಿರಲಿಲ್ಲ. ಆ ಮಾತ್ರೆ ಹೊರಗಿನ ಅಂಗಡಿಗಳಲ್ಲಿ ಸಿಗುವಂಥದ್ದಲ್ಲ, ಆಸ್ಪತ್ರೆಯ ಔಷಧಿ ಕಿಟಕಿಯಿಂದಲೇ ತರಬೇಕು. ಮೊದಲೆಲ್ಲ ಡಬ್ಬಿಯ ತಳ ಕಾಣುವ ಹೊತ್ತಿಗೆ ಹೋದರೆ ಕಂಪೌಂಡರ್ ಕೊಡುತ್ತಿದ್ದ. ಆ ವರ್ಷ ಫೆಬ್ರವರಿಯಲ್ಲಿ ಕಿಟಕಿಗೆ ಕಂಪ್ಯೂಟರ್ ಬಂತು. 'ಪ್ರತಿ ತಿಂಗಳು ಐದನೇ ತಾರೀಕು' ಎಂದು ಕಾರ್ಡಿನ ಮೇಲೆ ಮುದ್ರೆ ಬಿತ್ತು. ಸಲಕ್ಕೆ ಅರವತ್ತು ಮಾತ್ರೆ.

ಆಗಸ್ಟ್ ನಾಲ್ಕರ ಸಂಜೆ, ಅಂಗಡಿ ಮುಚ್ಚುವ ವೇಳೆಗೆ ಅವನು ಬಿದ್ದ. ಕಾಗದ ಕತ್ತರಿಸುವ ಯಂತ್ರದಿಂದ ಒಂದು ಮಾರು ದೂರದಲ್ಲಿ. ಯಜಮಾನರಿಗೆ ಅವನ ಕಾಯಿಲೆ ಗೊತ್ತಿತ್ತು. ಮಗ್ಗುಲಿಗೆ ಹೊರಳಿಸಿ, ಬಾಯಿ ಒರೆಸಿ, ಎಚ್ಚರವಾದ ಮೇಲೆ ತಾವೇ ಮನೆಗೆ ಕರೆತಂದರು.

"ಸೆಕೆಗೆ ಬಂತು ಅಕ್ಕ."

"ಮಾತ್ರೆ ತಗೊಂಡಿದ್ಯಾ?"

ಅವನು ಗೋಡೆ ನೋಡಿದ. "ನಿನ್ನೆ ಸಂಜೆಗೆ ಮುಗೀತು. ನಾಳೆ ಹೇಗೂ ಕೊಡ್ತಾರಲ್ಲ, ಒಂದು ದಿನ ಏನು ಮಹಾ ಅಂತ ಸುಮ್ನಾದೆ."

ಅಕ್ಕ ಗೋಡೆಯ ಕ್ಯಾಲೆಂಡರ್ ಇಳಿಸಿ ತೊಡೆಯ ಮೇಲೆ ಹಾಕಿಕೊಂಡಳು. ಫೆಬ್ರವರಿಗೆ ಇಪ್ಪತ್ತೆಂಟೇ ದಿನ, ನಾಲ್ಕು ಮಾತ್ರೆ ಮಿಕ್ಕಿದ್ದವು. ಮಾರ್ಚ್ ಅದರಲ್ಲಿ ಎರಡು ತಿಂದಿತ್ತು, ಮೇ ಇನ್ನೆರಡು. ಜುಲೈ ಬರುವಾಗ ಗಂಟು ಖಾಲಿ. ಅವಳು ಮುಷ್ಟಿ ಕಟ್ಟಿ ಗೆಣ್ಣುಗಳ ಮೇಲೆ ತಿಂಗಳು ಎಣಿಸಿದಳು. ಜುಲೈ ಗೆಣ್ಣಿನ ಮೇಲೆ, ಆಗಸ್ಟೂ ಗೆಣ್ಣಿನ ಮೇಲೆಯೇ, ಎರಡಕ್ಕೂ ಮೂವತ್ತೊಂದು ದಿನ. ಅಂದರೆ ಸೆಪ್ಟೆಂಬರ್ ನಾಲ್ಕಕ್ಕೂ ಡಬ್ಬಿಯಲ್ಲಿ ಏನೂ ಇರುವುದಿಲ್ಲ.

ಮರುದಿನ ಕಿಟಕಿಯ ಮುಂದೆ ನಿಂತಳು. "ಸಾರ್, ಈ ತಿಂಗಳಿಗೆ ಮೂವತ್ತೊಂದು ದಿನ. ಅರವತ್ತೆರಡು ಕೊಡಿ."

"ತಿಂಗಳು ಅಂದ್ರೆ ಮೂವತ್ತು ದಿನ ಕಣಮ್ಮ. ಕಂಪ್ಯೂಟರ್‌ನಲ್ಲಿ ಹಾಗೇ ಇರೋದು."

"ಹಾಗಾದ್ರೆ ಮೂವತ್ತು ಮುಗಿದ ಮಾರನೇ ದಿನ, ನಾಲ್ಕಕ್ಕೇ ಬರ್ತೀವಿ."

"ನಾಲ್ಕಕ್ಕೆ ಕಾರ್ಡ್ ತೆಗೆಯಲ್ಲ. ಐದಕ್ಕೇ."

"ಕೊಡುವಾಗ ಮೂವತ್ತು, ಕಾಯಿಸುವಾಗ ಮೂವತ್ತೊಂದಾ?"

ಕಂಪೌಂಡರ್ ದನಿ ತಗ್ಗಿಸಿದ. ಕೆಟ್ಟ ಮನುಷ್ಯನಲ್ಲ ಅವನು. "ನಂಗೆ ಗೊತ್ತಾಗಲ್ವಾ ಅಮ್ಮ? ಡಾಕ್ಟರ್ ಹತ್ರ ಬರೆಸ್ಕೊಂಡು ಬನ್ನಿ."

ಡಾಕ್ಟರು ಅರವತ್ತೆರಡು ಎಂದೇ ಬರೆದರು. ಮುರಿದು ತಿನ್ನಬೇಡಿ, ಒಂದು ಹೊತ್ತೂ ತಪ್ಪಿಸಬೇಡಿ ಎಂದೂ ಹೇಳಿದರು. ಕಂಪ್ಯೂಟರ್ ಅರವತ್ತೆರಡನ್ನು ಅರವತ್ತು ಮಾಡಿಕೊಂಡಿತು. ಮೇಲಿನವರಿಗೆ ಅರ್ಜಿ ಕೊಡಿ ಎಂದರು, ಕೊಟ್ಟಳು. ಆಗಸ್ಟ್ ಪೂರ್ತಿ ಕಳೆದರೂ ಉತ್ತರವಿಲ್ಲ.

ಅವಳ ಕಣ್ಣಿಗೆ ಕಟ್ಟಿದ್ದು ಆ ಯಂತ್ರದ ಅಲಗು. ಬಿದ್ದದ್ದು ಒಂದು ಮಾರು ಈಚೆಗಾಯಿತು, ಆಚೆಗಾಗಿದ್ದರೆ?

"ನಾಲ್ಕನೇ ತಾರೀಕು ನೀನು ಅಂಗಡಿಗೆ ಹೋಗ್ಬೇಡ. ಮನೆಯಲ್ಲೇ ಇರು. ಹಾಸಿಗೆ ನೆಲಕ್ಕೆ ಹಾಕ್ತೀನಿ."

"ಮನೆಯಲ್ಲಿ ಕೂತು ಏನು ಮಾಡ್ಲಿ ಅಕ್ಕ, ನೊಣ ಹೊಡೀಲಾ?"

"ಹೊಡಿ."

"ಸರಿ, ನೂರು ಆದ್ಮೇಲೆ ರಟ್ಟು ಹಾಕಿ ಬೈಂಡ್ ಮಾಡಿ ಕೊಡ್ತೀನಿ."

ಅವಳು ಲಾಂಡ್ರಿಯಲ್ಲಿ ಇಡೀ ದಿನದ ರಜೆ ಕೇಳಿದಳು. ಹೋಟೆಲಿನ ಚಾದರಗಳು ಗುಡ್ಡೆ ಬಿದ್ದಿದ್ದವು, ಅರ್ಧ ದಿನ ಸಿಕ್ಕಿತು. ನಾಲ್ಕರ ಬೆಳಿಗ್ಗೆ ಮಂಚವನ್ನು ಗೋಡೆಗೆ ಒರಗಿಸಿ, ಸ್ಟೂಲು, ಕುರ್ಚಿ, ಕನ್ನಡಿ ಎಲ್ಲವನ್ನೂ ಒಳಕೋಣೆಗೆ ಸಾಗಿಸಿದಳು. ನೆಲದ ಮೇಲೆ ಹಾಸಿಗೆ, ಅದರ ಮೇಲೆ ಮನೆಯಲ್ಲಿದ್ದ ಎರಡೂ ದಿಂಬು. ಕದ ಬರೀ ಮುಂದಕ್ಕೆ ಹಾಕಿಕೊಂಡು ಏಳು ಗಂಟೆಗೆ ಹೊರಟಳು.

ಒಂದು ಗಂಟೆಗೆ ವಾಪಸು ಬಂದಾಗ ಅವನು ಹಾಸಿಗೆಯ ಮೇಲೆ ಬೋರಲಾಗಿ ಮಲಗಿದ್ದ. ನಿದ್ದೆ ಎಂದುಕೊಂಡಳು. ಹತ್ತಿರ ಹೋದ ಮೇಲೆ ತಿಳಿಯಿತು, ಮುಖ ದಿಂಬಿನಲ್ಲಿ ಹೂತುಹೋಗಿತ್ತು. ಹೊರಳಿಸಿದರೆ ತುಟಿ ನೀಲಿ, ಮೈ ತಣ್ಣಗೆ. ಎಲ್ಲಿಯೂ ಒಂದು ತರಚು ಗಾಯ ಸಹ ಇರಲಿಲ್ಲ.

ಸುದ್ದಿ ತಿಳಿದು ಯಜಮಾನರು ಓಡಿ ಬಂದರು. ಹೊಸ್ತಿಲಲ್ಲೇ ಕುಸಿದು, "ಅಂಗಡಿಲಿದ್ದಿದ್ರೆ ಮಗ್ಗುಲಿಗೆ ಹೊರಳಿಸ್ತಿದ್ವಲ್ಲಮ್ಮ" ಎಂದು ಅತ್ತರು. ಮರುಗಳಿಗೆಯಲ್ಲೇ ನಾಲಿಗೆ ಕಚ್ಚಿಕೊಂಡರು. ಆಡಿದ ಮಾತು ಆಡಿಯಾಗಿತ್ತು.

ನವೆಂಬರಿನಲ್ಲಿ ಅರ್ಜಿಗೆ ಉತ್ತರ ಬಂತು: ಔಷಧಿ ವಿತರಣೆಯಲ್ಲಿ ತಿಂಗಳನ್ನು ಮೂವತ್ತು ದಿನವೆಂದು ಪರಿಗಣಿಸುವುದು ನಿಯಮಬದ್ಧವಾಗಿರುತ್ತದೆ. ಅದಾಗಿ ಎರಡು ವಾರಕ್ಕೆ ಕಂಪೌಂಡರ್ ಲಾಂಡ್ರಿ ಹುಡುಕಿಕೊಂಡು ಬಂದ. ಪುಟ್ಟನ ಸುದ್ದಿ ಕೇಳಿದಂದಿನಿಂದ ಅರ್ಜಿಯ ನಕಲು ಹಿಡಿದು ಅವನೇ ಮೇಲಿನ ಕಚೇರಿಗೆ ನಾಲ್ಕು ಸಲ ಅಲೆದಿದ್ದನಂತೆ.

"ಇನ್ನು ಮೇಲೆ ತಿಂಗಳ ಲೆಕ್ಕ ಇಲ್ಲಮ್ಮ. ನಾಲ್ಕು ವಾರಕ್ಕೆ ಐವತ್ತಾರು ಮಾತ್ರೆ, ನಾಲ್ಕು ವಾರಕ್ಕೊಮ್ಮೆ ಅದೇ ವಾರದ ದಿನ ಬಂದ್ರಾಯ್ತು. ವಾರ ಯಾವತ್ತೂ ಹಿಗ್ಗಲ್ಲ, ಕುಗ್ಗಲ್ಲ. ಈ ಕಾಯಿಲೆಯವರು ನಮ್ಮಲ್ಲೇ ಮುನ್ನೂರು ಜನ ಇದ್ದಾರೆ. ನಿಮ್ಮಿಂದಲೇ ಆಗಿದ್ದು."

"ಒಳ್ಳೇದಾಯ್ತು" ಎಂದಳು ಅಕ್ಕ. ಇಸ್ತ್ರಿ ಪೆಟ್ಟಿಗೆಯನ್ನು ನಿಲ್ಲಿಸಿಟ್ಟು, ಚಾದರದ ಅಂಚನ್ನು ಎರಡು ಸಲ ಕೈಯಲ್ಲೇ ತೀಡಿದಳು. "ಸಾರ್, ಆ ದಿಂಬು ಹಾಕಿದ್ದು ನಾನೇ. ತಲೆಗೆ ಪೆಟ್ಟಾಗಬಾರದು ಅಂತ."

ಕಂಪೌಂಡರ್ ಚಾದರದ ಇನ್ನೊಂದು ತುದಿ ಹಿಡಿದು ಮಡಚಿಕೊಟ್ಟು ಹೊರಟ.

ವರ್ಷ ಮುಗಿಯುವ ಮೊದಲೇ ಅವಳು ಮಹಡಿಯ ಕೋಣೆಗಳನ್ನು ಬಿಟ್ಟು, ಲಾಂಡ್ರಿಯಲ್ಲಿ ಬಟ್ಟೆ ಒಗೆಯುವ ಹೆಂಗಸಿನ ಮನೆಯ ಹಿಂಬದಿಯ ಕೋಣೆಗೆ ಬಂದಳು. ಬರಿನೆಲದ ಮೇಲೆ ಅಂಗಾತ ಮಲಗಿ ಸೂರು ನೋಡುತ್ತಾಳೆ, ನಿದ್ದೆ ಹತ್ತುವುದಿಲ್ಲ. ಮೊದಲ ವಾರವೇ ಆ ಹೆಂಗಸು ಅದನ್ನು ಕಂಡುಕೊಂಡಳು. ತನ್ನ ಚಾಪೆ ತಂದು ಪಕ್ಕದಲ್ಲಿ ಹಾಸಿಕೊಂಡಳು.