ಮಡಿಲಿಗೆ ಬಂದ ಕೂಸುಗಳು

ಭಾನುವಾರದ ಬಲಿಪೂಜೆಯಲ್ಲಿ ಪರಮಪ್ರಸಾದಕ್ಕೆ ಸಾಲು ನಿಂತಿತೆಂದರೆ ಚಂದ್ರಕಲಾಳ ಮಡಿಲಿಗೆ ಕೂಸುಗಳು ಬರುತ್ತಿದ್ದವು. "ಅಕ್ಕಾ, ನೀ ಹ್ಯಾಂಗೂ ಕುಂತೇ ಇರ್ತಿ, ಜರಾ ಹಿಡ್ಕೋ" ಎಂದು ಕೊನೆಯ ಬೆಂಚಿಗೆ ಬಂದು ಮಗುವನ್ನು ಒಪ್ಪಿಸುವವರಲ್ಲಿ ಅಂಬುಜಾ ಮೊದಲಿಗಳು. ಹನ್ನೊಂದು ವರ್ಷದಲ್ಲಿ ವಾಡಿಯ ಆ ಪುಟ್ಟ ಚರ್ಚಿನ ಎಷ್ಟು ಮಕ್ಕಳು ಚಂದ್ರಕಲಾಳ ಸೀರೆ ಒದ್ದೆ ಮಾಡಿದ್ದವೋ! ಸ್ವಂತದ್ದೊಂದು ಇಲ್ಲದವಳಿಗೆ ಅದೇ ವಾರದ ಹಬ್ಬ.

ಪ್ರಸಾದವಿಲ್ಲದೆ ಕೊನೆಯ ಬೆಂಚಿನಲ್ಲೇ ಕೂರಲು ಅವಳು ಮಾಡಿದ ತಪ್ಪೇನು? ಕುಡಿದು ಬಂದು ಅವಳ ಕೈ ಮುರಿದ ಗಂಡ ಉದಯಕುಮಾರನಿಂದ ಕೋರ್ಟಿನಲ್ಲಿ ಬಿಡುಗಡೆ ಪಡೆದದ್ದು. ಆಮೇಲೆ ಶಹಾಬಾದಿನ ವಿಧುರ ಏಸಪ್ಪ ಮದುವೆಗೆ ಕೇಳಿಕೊಂಡು ಬಂದಿದ್ದ. ದೇವರ ಮುಂದೆ ಹಾಕಿದ ಗಂಟನ್ನು ಕೋರ್ಟು ಬಿಚ್ಚಲಾರದೆಂಬ ಧರ್ಮಸಭೆಯ ಮಾತು ನೆನೆದು ಒಲ್ಲೆ ಅಂದಳು. ಮನಸ್ಸಿನಲ್ಲಿ ಆಸೆ ಇರಲಿಲ್ಲವೆಂದಲ್ಲ. ಇಷ್ಟಾದರೂ ಹಿರಿಯರ ರೂಢಿ ಒಂದೇ: ಡೈವೋರ್ಸ್ ಆದವಳು ಪ್ರಸಾದ ಮುಟ್ಟಬಾರದು.

ಹೊಸದಾಗಿ ಬಂದ ಫಾದರ್ ಅವಳನ್ನು ಕರೆದು ವಿಚಾರಿಸಿ ದಂಗಾದರು. "ಅಮ್ಮಾ, ಇನ್ನೊಂದು ಮದುವೆ ಆಗಿದ್ದರೆ ಬೇರೆ ಮಾತು. ಬರೀ ಡೈವೋರ್ಸ್ ಆಗಿದ್ದಕ್ಕೆ ಪ್ರಸಾದ ಇಲ್ಲವೆಂದು ಚರ್ಚು ಹೇಳುವುದಿಲ್ಲ. ಪಾಪನಿವೇದನೆ ಮಾಡಿ ಬನ್ನಿ."

ಹನ್ನೊಂದು ವರ್ಷ! ಚಂದ್ರಕಲಾ ಅಲ್ಲೇ ಕುಳಿತು ಅತ್ತಳು.

ಸುದ್ದಿ ಕೇಳಿ ಅವ್ವ ಸುಂದರಮ್ಮ ರೊಟ್ಟಿ ಬಡಿಯುವುದನ್ನೇ ನಿಲ್ಲಿಸಿದಳು. "ಫಾದರ್ ನಾಳಿ ಬದಲಿ ಆಗಿ ಹೋಗ್ತಾರ. ಇಲ್ಲೇ ಸಾಯೋರು ನಾವು. ಮಂದಿ ಏನಂತಾರ?"

"ಪ್ರಸಾದ ಮಂದಿ ಕೊಡ್ತಾರೇನಬೇ?"

ಚರ್ಚು ಸಮಿತಿಯ ಹಿರಿಯ, ಸೋದರಮಾವ ದೇವಪುತ್ರ ಬಾಗಿಲಲ್ಲೇ ನಿಂತಿದ್ದ. "ನಿನಗ ಬಿಟ್ರ ನಾಳಿ ಎಲ್ಲಾ ಹೆಣ್ಮಕ್ಳು ಗಂಡನ್ನ ಬಿಟ್ಟು ಬರ್ತಾರ. ಹಿರ್ಯಾರು ಸುಮ್ಮ ಇಟ್ಟಿಲ್ಲ ಈ ರೂಢಿ."

"ಅವನ ಕೈಯಾಗ ಸತ್ತಿದ್ರ ನನಗ ಪ್ರಸಾದ ಸಿಗ್ತಿತ್ತೇನು ಮಾಮಾ?"

ದೇವಪುತ್ರ ಚಪ್ಪಲಿ ಮೆಟ್ಟಿಕೊಂಡು ಹೋದ.

ಆ ಭಾನುವಾರ ಅವ್ವ ಸೆರಗು ಜಗ್ಗಿದರೂ ಅವಳು ಸಾಲಿಗೆ ನಿಂತಳು. ಪ್ರಸಾದ ನಾಲಿಗೆಯ ಮೇಲೆ ಕರಗುವಾಗ ಕೋರ್ಟು, ಬೆಂಚು, ಮುರಿದ ಕೈ ಎಲ್ಲವೂ ಮರೆತುಹೋಯಿತು. ತಿರುಗಿ ನೋಡಿದರೆ ಹಿಂದೆ ಸಾಲೇ ಇರಲಿಲ್ಲ. ನಿಂತವರೆಲ್ಲ ಪ್ರಸಾದ ತೆಗೆದುಕೊಳ್ಳದೆಯೇ ಬೆಂಚಿಗೆ ಮರಳಿದ್ದರು. ಅವರಲ್ಲಿ ಅವ್ವನೂ ಇದ್ದಳು.

ಮುಂದಿನ ವಾರ ಫಾದರ್ ಉಪದೇಶದಲ್ಲಿ ಇದನ್ನೇ ಬಿಡಿಸಿ ಬಿಡಿಸಿ ಹೇಳಿದರು. ಜನ ತಲೆ ತಗ್ಗಿಸಿ ಕೇಳಿದರು. ಯಾರ ಜೊತೆಗೂ ಜಗಳ ಬೇಡವೆಂದು ಚಂದ್ರಕಲಾ ಎಲ್ಲರಿಗಿಂತ ಕೊನೆಗೆ ಹೋಗೋಣವೆಂದು ತನ್ನ ಬೆಂಚಿನಲ್ಲೇ ಕುಳಿತಳು. ಅಂಬುಜಾ ಹತ್ತಿರ ಬಂದಾಗ ರೂಢಿಯಂತೆ ಕೈ ಚಾಚಿದಳು.

ಅಂಬುಜಾ ಮಗುವನ್ನು ಎದೆಗವಚಿಕೊಂಡು ಬೆಂಚು ದಾಟಿದಳು. ಮಗು ಮಾತ್ರ ಗುರುತಿನ ಮುಖ ಕಂಡು ಇತ್ತಲೇ ಬಾಗಿ ಅಳತೊಡಗಿತು.

"ಆ ಕಡಿ ನೋಡಬ್ಯಾಡ, ಸುಮ್ಮನಿರು" ಎಂದು ಅಂಬುಜಾ ಅದರ ಮುಖ ತಿರುಗಿಸಿದಳು.

ಚಂದ್ರಕಲಾ ಚಾಚಿದ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.