ಆಚೆ ಕಡೆಯ ಸುದ್ದಿ

ಶವಪೆಟ್ಟಿಗೆಯ ಮೇಲೆ ಬಾಗಿ ಗೌರೀಶ ತಾಯಿಯ ಹಣೆಗೆ ವಿಭೂತಿ ಹಚ್ಚುತ್ತಿದ್ದಾಗ ಹಿಂದಿನ ಸಾಲಿನಲ್ಲಿ ಯಾರೋ ಬಿಕ್ಕಿದರು. ಅರವತ್ತರ ಆಸುಪಾಸಿನ ಬಿಳಿಯ ಹೆಂಗಸು.

"ಯಾರಪಾ ಆಕಿ?" ಸೋದರತ್ತೆ ನೀಲಕ್ಕ ಪಿಸುಗುಟ್ಟಿದಳು.

"ಗೊತ್ತಿಲ್ಲ ಅತ್ತಿ. ಅವ್ವನ ಕೆಲಸದ ಕಡೆಯವರಿರಬೇಕು."

ಅವನ ತಾಯಿ ರುದ್ರಾಣಿ ಈ ಪರದೇಶದ ಗ್ಲೆನ್ ವೇವರ್ಲಿಯ ವೃದ್ಧಾಶ್ರಮವೊಂದರಲ್ಲಿ ವರ್ಷಗಟ್ಟಲೆ ಮುದುಕರಿಗೆ ಸ್ನಾನ ಮಾಡಿಸಿ, ಉಣಿಸಿದವಳು. ರಜೆಯ ಭಾನುವಾರವೂ ಅಲ್ಲಿಗೇ ಓಡುತ್ತಿದ್ದಳು. "ಸಂಡೇನರ ಮನ್ಯಾಗ ಇರವ್ವಾ" ಎಂದು ಗೌರೀಶ ರೇಗಿದ್ದುಂಟು.

ಆ ಹೆಂಗಸು ಹತ್ತಿರ ಬಂದು ಇಂಗ್ಲಿಷಿನಲ್ಲಿ ಹೇಳಿದಳು: "ನಾನು ನೊರೀನ್. ನಿಮ್ಮ ತಾಯಿ ಭಾನುವಾರ ಬರುತ್ತಿದ್ದದ್ದು ನನಗಾಗಿ."

*

ಆ ವೃದ್ಧಾಶ್ರಮದಲ್ಲಿದ್ದ ನೊರೀನಳ ತಾಯಿ ಬ್ರೈಡಿ ಐರ್ಲೆಂಡಿನ ಹಳ್ಳಿಯವಳು. ಗುಡ್ಡದೊಳಗಿನ ಕಿನ್ನರರು ಮನುಷ್ಯರನ್ನು ಕದ್ದೊಯ್ದು, ಅದೇ ಮುಖದ ತಮ್ಮವರನ್ನು ಬಿಟ್ಟುಹೋಗುತ್ತಾರೆಂದು ಕೇಳುತ್ತ ಬೆಳೆದವಳು. ಮರೆವಿನ ರೋಗ ಎಲ್ಲವನ್ನೂ ಅಳಿಸಿದರೂ ಅದನ್ನು ಅಳಿಸಲಿಲ್ಲ. ಮಗಳು ಎದುರು ನಿಂತರೆ ಚೀರುತ್ತಿದ್ದಳು: "ಇವಳು ನನ್ನ ನೊರೀನ್ ಅಲ್ಲ! ಅವಳನ್ನು ಅವರು ಒಯ್ದರು!"

ಇನ್ನು ಬರುವುದೇ ಇಲ್ಲವೆಂದು ನೊರೀನ್ ಕಾರಿಡಾರಿನಲ್ಲಿ ಅಳುತ್ತ ನಿಂತಾಗ ರುದ್ರಾಣಿ ಅವಳ ಕೈ ಹಿಡಿದಳು.

"ಅವರಿಗೆ ನಿಮ್ಮ ಮೇಲೆ ಸಿಟ್ಟಿಲ್ಲ. ಮಗಳು ಎಲ್ಲಿದ್ದಾಳೋ ಅಂತ ಹೆದರಿಕೆ. ಬನ್ನಿ."

ಒಳಗೆ ಕರೆದೊಯ್ದು, "ಬ್ರೈಡಿ, ಇವರು ಆಚೆ ಕಡೆಯವರೇ, ಗುಡ್ಡದೊಳಗಿನವರು. ನಿಮ್ಮ ನೊರೀನಳ ಸುದ್ದಿ ತಂದಿದ್ದಾರೆ" ಎಂದಳು.

ಮುದುಕಿ ಬಹಳ ಹೊತ್ತು ದಿಟ್ಟಿಸಿದಳು. "ಅಲ್ಲಿ ಏನಾದರೂ ತಿಂದಳೇ? ತಿಂದರೆ ವಾಪಸು ಬರಲಾಗದು."

ನೊರೀನ್ ರುದ್ರಾಣಿಯ ಮುಖ ನೋಡಿದಳು. "ಇಲ್ಲ, ತಿಂದಿಲ್ಲ."

"ಚಳಿಗೆ?"

"ನೀವು ಹೆಣೆದ ಸ್ವೆಟರ್ ಹಾಕಿಕೊಂಡಿದ್ದಾಳೆ."

ಬ್ರೈಡಿ ಸರಿದು, ಹಾಸಿಗೆಯ ಮೇಲೆ ಅವಳಿಗೆ ಜಾಗ ಕೊಟ್ಟಳು.

*

"ಅಮ್ಮ ಸಾಯುವವರೆಗೂ ಪ್ರತಿ ಭಾನುವಾರ ಸುದ್ದಿ ಕೇಳಿದಳು," ಎಂದಳು ನೊರೀನ್. "ನಿಮ್ಮ ತಾಯಿ ಜೊತೆಗಿಲ್ಲದೆ ನನಗೆ ಆ ಕೋಣೆಯೊಳಗೆ ಹೋಗುವ ಧೈರ್ಯ ಬರುತ್ತಿರಲಿಲ್ಲ. ಕೊನೆಯ ವಾರ ಅಮ್ಮ ನನ್ನ ಅಂಗೈಗೆ ಮುತ್ತಿಟ್ಟು, ಇದನ್ನು ನನ್ನ ನೊರೀನಳಿಗೆ ತಲುಪಿಸು ಅಂದಳು."



"ನಮ್ಮ ಮುಂದ ಒಂದ್ ಮಾತೂ ಆಡ್ಲಿಲ್ಲ ನೋಡು ರುದ್ರಾಣಿ," ಎಂದು ನೀಲಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಸ್ಮಶಾನದಲ್ಲಿ ನೊರೀನ್ ದೂರದಲ್ಲೇ ನಿಂತಿದ್ದಳು. ಗೌರೀಶ ಹೋಗಿ ಕರೆತಂದು ಮನೆಯವರ ನಡುವೆ ನಿಲ್ಲಿಸಿದ. ಅವಳು ಮೊಣಕಾಲೂರಿ ಒಂದು ಹಿಡಿ ಮಣ್ಣು ಹಾಕಿದಳು, ಏಳಲಾಗಲಿಲ್ಲ. ನೀಲಕ್ಕ ಕೈ ಚಾಚಿದಳು. ಎದ್ದು ನಿಂತ ಮೇಲೂ, ಕುಣಿ ತುಂಬುವವರೆಗೂ, ಹಸಿ ಮಣ್ಣು ಮೆತ್ತಿದ ಆ ಎರಡು ಕೈಗಳು ಒಂದನ್ನೊಂದು ಬಿಡಲಿಲ್ಲ.