ತನ್ಮಯಿ ಕೈ ತಪ್ಪಿದ ಸಂಜೆ

ಶನಿವಾರ ಸಂಜೆ ವಿಜಯನಗರದ ಮಾರ್ಕೆಟ್ ರಸ್ತೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಹಸಿರು ಸೀರೆ ಉಟ್ಟ ಯಶೋದಮ್ಮ ಐದು ವರ್ಷದ ಮೊಮ್ಮಗಳು ತನ್ಮಯಿಯ ಕೈ ಹಿಡಿದು ಸೊಪ್ಪು ಕೊಳ್ಳಲು ನಿಂತಿದ್ದರು. ದಂಟಿನ ಸೊಪ್ಪಿನ ಕಟ್ಟು ಬಿಡಿಸಿ ನೋಡಲು ಆ ಕೈ ಬಿಟ್ಟರು. ಸೊಪ್ಪನ್ನು ಚೀಲಕ್ಕೆ ಹಾಕಿ ತಿರುಗಿದರೆ ಮಗು ಇಲ್ಲ.

ಬಳೆ ಅಂಗಡಿ ನೋಡಿದರು. ಹೂವಿನವರ ಸಾಲು ನೋಡಿದರು. “ಚಿನ್ನೂ!” ಎಂದು ಕೂಗಿದರು. ಆಟೋ ಹಾರ್ನುಗಳ ನಡುವೆ ಅವರ ದನಿ ಅವರಿಗೇ ಕೇಳಿಸಲಿಲ್ಲ. ಸೊಪ್ಪಿನವಳೇ ಅವರನ್ನು ಕೂರಿಸಿ, ನೀರು ಕೊಟ್ಟು, ಮನೆಗೆ ಫೋನ್ ಮಾಡಿಸಿದಳು. ಮಗ, ತನ್ಮಯಿಯ ಅಪ್ಪ ಮಧುಕುಮಾರ್ ಓಡಿ ಬಂದು ತಾಯಿಯನ್ನು ಆಟೋ ಹತ್ತಿಸಿ, ಗೆಳೆಯರ ಜೊತೆ ಹುಡುಕಲು ಹೊರಟ.

ಮಾರೇನಹಳ್ಳಿಯ ಮನೆಯಲ್ಲಿ ತನ್ಮಯಿಯ ತಾಯಿ ರಮ್ಯ ಬಾಗಿಲಲ್ಲೇ ಕುಸಿದು ಕೂತಿದ್ದಳು. ತಾತ ಬೈರಪ್ಪ ಫೋನ್ ಹಿಡಿದು ಅತ್ತಿಂದಿತ್ತ ಓಡಾಡುತ್ತಿದ್ದರು. ಮೇಲಿನ ಮನೆಯಲ್ಲಿ ಬಾಡಿಗೆಗಿದ್ದ ವರಲಕ್ಷ್ಮಿ ಅಳು ಕೇಳಿ ಕೆಳಗೆ ಬಂದಳು.

“ಯಜಮಾನ್ರೇ, ಪೊಲೀಸ್ರಿಗೆ ಹೇಳಿದ್ರಾ?”

“ಅವರು ಇಪ್ಪತ್ನಾಲ್ಕು ಗಂಟೆ ಆಗ್ಲಿ ಅಂತಾರಮ್ಮ. ನಮ್ ಹುಡುಗ್ರು ಬೈಕಲ್ಲಿ ಹೋಗಿದಾರೆ. ಬೈರಪ್ಪನ ಮೊಮ್ಮಗಳು ಅಂದ್ರೆ ಈ ಏರಿಯಾದಲ್ಲಿ ಯಾರಿಗೆ ಗೊತ್ತಿಲ್ಲ?”

“ಮಗು ಈ ಏರಿಯಾದಲ್ಲೇ ಇದೆ ಅಂತ ಏನ್ ಗ್ಯಾರಂಟಿ? ಅಷ್ಟೊತ್ತು ಕಾಯ್ಬೇಕು ಅಂತ ಯಾವ ರೂಲ್ಸೂ ಇಲ್ಲ. ಮಕ್ಕಳ ವಿಷಯದಲ್ಲಿ ಕಂಪ್ಲೇಂಟ್ ತಕ್ಷಣ ತಗೊಳ್ಳೇಬೇಕು.”

ಬೈರಪ್ಪನವರಿಗೆ ಸಿಟ್ಟು ಬಂತು. “ಸ್ಟೇಷನ್ ಮೆಟ್ಲು ಹತ್ತಿದ್ರೆ ಜನ ಏನಂತಾರೆ? ಮನೇಲಿ ಇಷ್ಟು ಜನ ಇದ್ದು ಒಂದ್ ಮಗು ನೋಡ್ಕೊಳೋಕೆ ಆಗ್ಲಿಲ್ವಾ ಅಂತಾರೆ. ಸುಮ್ನಿರಮ್ಮ ನೀನು.”

ವರಲಕ್ಷ್ಮಿ ಸುಮ್ಮನಿರಲಿಲ್ಲ.

“ನಮ್ಮಪ್ಪಾನೂ ಹಿಂಗೇ ಅಂದ್ರು ಯಜಮಾನ್ರೇ. ನನ್ ತಮ್ಮ ಮಹದೇವಂಗೆ ಆಗ ಆರು ವರ್ಷ. ಎಲ್ಲೋ ಆಡ್ತಿರ್ತಾನೆ, ಬೆಳಿಗ್ಗೆ ನೋಡೋಣ ಅಂದ್ರು. ಬೆಳಿಗ್ಗೆ ಹೋಗಿ ಕಂಪ್ಲೇಂಟ್ ಕೊಟ್ವಿ. ಇವತ್ತಿಗೂ ಸಿಕ್ಕಿಲ್ಲ. ಈಗ್ಲೂ ನಮ್ಮಮ್ಮ ಬಸ್ಸಲ್ಲಿ ಮೂವತ್ತರ ಹುಡುಗರ ಮುಖ ನೋಡ್ತಾ ನೋಡ್ತಾ ಇಳಿಯೋ ಸ್ಟಾಪೇ ಮರೀತಾರೆ.”

ಇಷ್ಟು ವರ್ಷ ಒಂದೇ ಕಟ್ಟಡದಲ್ಲಿದ್ದರೂ ಆ ಮನೆಯವರಿಗೆ ಈ ವಿಷಯ ತಿಳಿದಿರಲಿಲ್ಲ. ಬೈರಪ್ಪ ಬಾಯಿ ತೆರೆಯುವ ಮೊದಲೇ ರಮ್ಯ ಎದ್ದು ನಿಂತಳು.

“ಮಾವ, ನಾನೇ ಮಾಡ್ತೀನಿ.”

112ಕ್ಕೆ ಫೋನ್ ಹೋಯಿತು. ಹಿಂದೆಯೇ ರಮ್ಯ, ಬೈರಪ್ಪ, ವರಲಕ್ಷ್ಮಿ ಸ್ಟೇಷನ್ನಿಗೆ ಹೊರಟರು. ಅಲ್ಲಿ ಯಾರೂ ನಾಳೆ ಬನ್ನಿ ಅನ್ನಲಿಲ್ಲ. ಎತ್ತರ ಎಷ್ಟು, ಯಾವ ಬಟ್ಟೆ, ಮೈಮೇಲೆ ಮಚ್ಚೆ ಇದೆಯಾ ಎಂದು ಕೇಳಿ ಬರೆದುಕೊಂಡರು. ಫೋಟೋ ಕೇಳಿದಾಗ ಮಾತ್ರ ರಮ್ಯ ತಡಬಡಾಯಿಸಿದಳು. ಅವಳ ಫೋನಿನಲ್ಲಿದ್ದದ್ದು ಉದ್ದ ಜಡೆಯ ತನ್ಮಯಿ. ಕೂದಲು ಕತ್ತರಿಸಿದ್ದು ಹೋದ ವಾರವಷ್ಟೆ. ನಿನ್ನೆ ಮೆಟ್ಟಿಲ ಮೇಲೆ ಆಡುವಾಗ ತೆಗೆದ ಫೋಟೋ ವರಲಕ್ಷ್ಮಿಯ ಫೋನಿನಲ್ಲಿತ್ತು. ಅದೇ ಫೋಟೋ ಎಲ್ಲ ಸ್ಟೇಷನ್ನುಗಳಿಗೂ ಹೋಯಿತು.

ಅತ್ತ ಮಧುಕುಮಾರ್ ರಾಜಕಾಲುವೆಯ ಬದಿಗೂ ಹೋಗಿ ಟಾರ್ಚ್ ಬಿಟ್ಟು ನೋಡಿದ. ಅಲ್ಲಿ ಏನನ್ನು ಹುಡುಕುತ್ತಿದ್ದೆ ಎಂದು ಆಮೇಲೂ ಯಾರಿಗೂ ಹೇಳಲಿಲ್ಲ. ಮನೆಯಲ್ಲಿ ಯಶೋದಮ್ಮ ತಮ್ಮ ಬಲಗೈಯನ್ನೇ ನೋಡುತ್ತಾ ಕೂತಿದ್ದರು.

ರಮ್ಯ, ಬೈರಪ್ಪ, ವರಲಕ್ಷ್ಮಿ ಇನ್ನೂ ಸ್ಟೇಷನ್ನಿನಲ್ಲಿರುವಾಗಲೇ ಕೆಂಗೇರಿಯಿಂದ ಫೋನ್ ಬಂತು. ಮಗು ಸಿಕ್ಕಿತ್ತು. ಹಸಿರು ಸೀರೆಯ ಬೇರೆ ಯಾರನ್ನೋ ಅಜ್ಜಿ ಅಂದುಕೊಂಡು ಅವರ ಹಿಂದೆಯೇ ಬಸ್ ಹತ್ತಿತ್ತು. ಕೊನೆಯ ಸ್ಟಾಪಿನಲ್ಲಿ ಒಂಟಿಯಾಗಿ ಅಳುತ್ತಿದ್ದ ಮಗುವನ್ನು ಕಂಡಕ್ಟರ್ ಪೊಲೀಸರಿಗೆ ಒಪ್ಪಿಸಿದ್ದರು.

ಮೂವರೂ ಕೆಂಗೇರಿಗೆ ಹೋದಾಗ ಅಲ್ಲಿನ ಮಹಿಳಾ ಪೊಲೀಸ್ ಹೇಳಿದರು: “ಹೆಸರು ಕೇಳಿದ್ರೆ ಚಿನ್ನು ಅಂತಾಳೆ. ಅಪ್ಪನ ಹೆಸರು ಅಪ್ಪ ಅಂತೆ. ಮನೆ ಎಲ್ಲಿ ಅಂದ್ರೆ ತಾತನ ಮನೆ ಅಂತೆ! ನೀವು ಕೊಟ್ಟ ಫೋಟೋ ಬರದೇ ಇದ್ದಿದ್ರೆ ಯಾರ ಮಗು ಅಂತ ಹುಡುಕೋಕೆ ಎಷ್ಟು ದಿನ ಆಗ್ತಿತ್ತೋ.”

ರಮ್ಯ ಮಗುವನ್ನು ಅಪ್ಪಿಕೊಂಡವಳು ಬಿಡಲೇ ಇಲ್ಲ. ಮನೆಗೆ ಬಂದ ಮೇಲೆ ಬಿಸ್ಕತ್ತಿನ ಪುಡಿ ಮೆತ್ತಿದ ಬಾಯಲ್ಲಿ ತನ್ಮಯಿ ಕೇಳಿದಳು: “ಅಜ್ಜಿ, ನೀನ್ಯಾಕೆ ಬಸ್ ಹತ್ಲಿಲ್ಲ?” ಯಶೋದಮ್ಮ ಅಳುತ್ತಲೇ ನಕ್ಕುಬಿಟ್ಟರು. ಆಮೇಲೆ ವರಲಕ್ಷ್ಮಿಯ ಎರಡೂ ಕೈಗಳನ್ನು ಹಿಡಿದು ತಮ್ಮ ಕಣ್ಣಿಗೆ ಒತ್ತಿಕೊಂಡರು.

ಮರುದಿನ ಬೈರಪ್ಪ ಮೇಲಿನ ಮನೆಗೆ ಹೋದರು.

“ನಿಂಗೆ ಸುಮ್ನಿರು ಅಂದ್ಬಿಟ್ಟೆ. ನೀನು ಸುಮ್ನಿದ್ದಿದ್ರೆ ನಮ್ ಗತಿ ಏನಾಗ್ತಿತ್ತು ತಾಯಿ? ನಮ್ಮನೆ ನಗು ಉಳಿಸ್ದೆ.”

“ಮಗು ಬಂತಲ್ಲ ಯಜಮಾನ್ರೇ. ನಂಗೆ ಅಷ್ಟು ಸಾಕು.”

ಬೈರಪ್ಪ ಹೊರಡಲಿಲ್ಲ. ಬಾಗಿಲಲ್ಲೇ ನಿಂತು ಕೇಳಿದರು: “ನಿನ್ ತಮ್ಮನ ಕಂಪ್ಲೇಂಟ್ ಯಾವ ಸ್ಟೇಷನ್‌ನಲ್ಲಿ ಕೊಟ್ಟಿದ್ರಿ? ನಿಮ್ಮಮ್ಮನ್ನೂ ಕರ್ಕೋ. ಹೋಗಿ ಮತ್ತೆ ಕೇಳೋಣ. ಈ ಸಲ ನಾನೂ ಬರ್ತೀನಿ.”

ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ಮಗು ಕಾಣಲಿಲ್ಲ ಅಂದರೆ ಮರ್ಯಾದೆಯ ಲೆಕ್ಕ ಹಾಕುತ್ತಾ ಕೂರಬೇಡಿ. 112ಕ್ಕೋ ಮಕ್ಕಳ ಸಹಾಯವಾಣಿ 1098ಕ್ಕೋ ಆಗಲೇ ಫೋನ್ ಮಾಡಿ. ಹತ್ತಿರ ಯಾವ ಸ್ಟೇಷನ್ ಇದ್ದರೂ ಅಲ್ಲಿಗೇ ಹೋಗಿ ದೂರು ಕೊಡಿ. ನಿಮ್ಮ ಮಗುವಿನ ಈಗಿನ ಫೋಟೋ ಫೋನಿನಲ್ಲಿರಲಿ. ತನ್ನ ಪೂರ್ತಿ ಹೆಸರು, ಅಪ್ಪ ಅಮ್ಮನ ಹೆಸರು, ಒಂದು ಫೋನ್ ನಂಬರ್ ಮಗುವಿಗೆ ಬಾಯಿಪಾಠವಾಗಿರಲಿ. ದಾರಿಯಲ್ಲಿ ಯಾವುದಾದರೂ ಮಗು ಒಂಟಿಯಾಗಿ ಅಳುತ್ತಿದ್ದರೆ ನೋಡಿಯೂ ನೋಡದ ಹಾಗೆ ಹೋಗಬೇಡಿ. ನಿಂತು ಒಂದು ಫೋನ್ ಮಾಡಿ. ಆ ಮಗುವಿಗಾಗಿ ಎಲ್ಲೋ ಒಂದು ಮನೆಯವರು ಬಾಗಿಲು ತೆರೆದಿಟ್ಟುಕೊಂಡು ಕೂತಿರುತ್ತಾರೆ.